ಚಂದ್ರಗಿರಿಯ ವೆಂಕಟಪತಿರಾಯ

ತಿರುಮಲೆಗೆ ಒಮ್ಮೆಯೂ ಹೋಗಿ ಬಾರದ ಕನ್ನಡ ಕುಟುಂಬವು ಈ ನಗರದಲ್ಲಿ ಇರಲಾರದು. ಊರಿನಿಂದ ಬಂಧುಗಳು ಬಂದರೆಂದರೆ ಮೊದಲ ದಿನ ಮೆರೀನಾ ಕಡಲತೀರ, ಮರುದಿನ ಬೆಟ್ಟ. ಇದು ನಮ್ಮೆಲ್ಲರ ಮನೆಗಳಲ್ಲಿಯೂ ನಡೆದು ಬಂದ ಕ್ರಮ. ಬೆಟ್ಟದ ಮೇಲೆ ದೇವಾಲಯದ ಮಹಾದ್ವಾರವನ್ನು ದಾಟಿದೊಡನೆ ಕೃಷ್ಣದೇವರಾಯನು ತಿರುಮಲದೇವಿ, ಚಿನ್ನಾದೇವಿಯರೊಡನೆ ಕೈಮುಗಿದು ನಿಂತಿರುವ ಲೋಹದ ಪ್ರತಿಮೆಗಳಿವೆ. ಜನರ ನೂಕುನುಗ್ಗಲಿನ ನಡುವೆಯೂ ಮಕ್ಕಳನ್ನು ಎತ್ತಿ ಹಿಡಿದು ಅವುಗಳನ್ನು ತೋರಿಸದ ಕನ್ನಡಿಗರಿಲ್ಲ. ಆದರೆ ಅದೇ ಮಂಟಪದ ಎದುರು ಭಾಗದಲ್ಲಿ ಇನ್ನೊಬ್ಬ ದೊರೆಯೂ ಹಾಗೆಯೇ ಕೈಮುಗಿದು ನಿಂತಿದ್ದಾನೆ. ಅವನನ್ನು ನೋಡಿದವರು ಕಡಮೆ. ನೋಡಿದರೂ ಗುರುತು ಹಿಡಿದವರು ಇನ್ನೂ ಕಡಮೆ. ನಾವೂ ಎಷ್ಟೋ ಸಲ ಅವನ ಮುಂದೆಯೇ ಹಾದುಹೋಗಿ ಕಾಣದೆ ಇದ್ದವರೇ. ಅವನು ವೆಂಕಟಪತಿದೇವರಾಯ. ವಿಜಯನಗರವು ಹಾಳಾದ ಮೇಲೆಯೂ ಆ ರಾಜ್ಯದ ಹೆಸರನ್ನು ಇಪ್ಪತ್ತೆಂಟು ವರ್ಷಗಳ ಕಾಲ ಎತ್ತಿ ಹಿಡಿದವನು. ಅವನ ಅರಮನೆಯು ತಿರುಪತಿಯಿಂದ ಕೆಲವೇ ಮೈಲಿಗಳ ದೂರದಲ್ಲಿ, ಚಂದ್ರಗಿರಿಯಲ್ಲಿ ಇದೆ.

ಬ್ಯಾಂಕಿನ ವರ್ಗಾವಣೆಯ ಆಜ್ಞೆಯು ಕೈಗೆ ಬಂದಾಗ ನಾವು ಮಾಧವರಂ ಎಂಬ ಊರಿನ ಹೆಸರನ್ನೇ ಕೇಳಿರಲಿಲ್ಲ. ಹಾಲಿನ ಕಾಲೊನಿಯಿಂದ ಹೆಸರಾದ ಈ ಊರಿನಲ್ಲಿ 2018ರಲ್ಲಿ ಹೊರಊರುಗಳ ಬಸ್ ನಿಲ್ದಾಣವು ತೆರೆದ ಮೇಲೆ ತಿರುಪತಿಯು ನಮಗೆ ನೆರೆಮನೆಯಾಯಿತು. ಪುಳಲ್ ಕೆರೆಯನ್ನು ಬಳಸಿ, ಊತ್ತುಕ್ಕೋಟೈ ದಾಟಿ, ನಾಗಲಾಪುರದ ದಾರಿಯಾಗಿ ಹೋಗುವ ಬಸ್ಸಿನಲ್ಲಿ ಕಳೆದ ದಸರೆಯ ರಜೆಯಲ್ಲಿ ನಾವು ಸಂಸಾರ ಸಮೇತ ಹೊರಟೆವು. ನಾಗಲಾಪುರವು ಕೃಷ್ಣದೇವರಾಯನು ತನ್ನ ತಾಯಿಯ ಹೆಸರಿನಲ್ಲಿ ಮಾಡಿದ ಊರು. ಆ ಸಂಗತಿಯನ್ನು ಮಕ್ಕಳಿಗೆ ಹೇಳಿದಾಗ ಹಿರಿಯವಳು, ಇದು ನಮ್ಮ ರಾಜನ ಊರಾದರೆ ಇಲ್ಲಿ ಕನ್ನಡದ ಬೋರ್ಡು ಏಕೆ ಇಲ್ಲವೆಂದು ಕೇಳಿದಳು. ಆಗ ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಚಂದ್ರಗಿರಿಯನ್ನು ನೋಡಿ, ಆ ದೊರೆಯ ಚರಿತ್ರೆಯನ್ನು ಓದಿಕೊಂಡ ಮೇಲೆ ಸ್ವಲ್ಪ ಹೊಳೆದಿದೆ.

ಚಂದ್ರಗಿರಿಯ ಕೋಟೆಯು ಬಂಡೆಗುಡ್ಡವೊಂದರ ಬುಡದಲ್ಲಿದೆ. ಕೋಟೆ ಬಹಳ ಹಳೆಯದು, ಕ್ರಿ.ಶ. 1000ದ ಸುಮಾರಿಗೆ ಯಾದವರಾಯನೊಬ್ಬನು ಕಟ್ಟಿಸಿದನೆನ್ನುತ್ತಾರೆ. 1485ರಲ್ಲಿ ವಿಜಯನಗರದ ಸಿಂಹಾಸನವನ್ನೇರಿದ ಸಾಳುವ ನರಸಿಂಹನು ಮೊದಲು ಈ ಚಂದ್ರಗಿರಿಯ ಒಡೆಯನಾಗಿದ್ದವನೇ. ಕೃಷ್ಣದೇವರಾಯನ ತಮ್ಮ ಅಚ್ಯುತರಾಯನು ಪಟ್ಟಕ್ಕೆ ಬರುವ ಮುನ್ನ ಇದ್ದುದೂ ಇಲ್ಲಿಯೇ. ಗೋಡೆಗಳ ಒಳಗೆ ಮೂರು ಅಂತಸ್ತಿನ ರಾಜಮಹಲು, ಅದಕ್ಕಿಂತ ಚಿಕ್ಕದಾದ ಎರಡು ಅಂತಸ್ತಿನ ರಾಣಿಮಹಲು, ಒಂದು ಕೊಳ, ಅಲ್ಲಲ್ಲಿ ಬಿದ್ದುಹೋದ ಗುಡಿಗಳು. ರಾಜಮಹಲನ್ನು ಕಲ್ಲು, ಇಟ್ಟಿಗೆ, ಗಾರೆಗಳಿಂದಲೇ ಕಟ್ಟಿದ್ದಾರೆ. ಮರದ ತುಂಡು ಒಂದನ್ನೂ ಬಳಸಿಲ್ಲವಂತೆ. ಹಂಪೆಯ ಕಮಲಮಹಲನ್ನು ಕಂಡವರಿಗೆ ಇಲ್ಲಿನ ಕಮಾನುಗಳು ಪರಿಚಿತವೆನಿಸುವುವು. ಒಳಗೆ ಈಗ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶುಕ್ರವಾರ ಅದಕ್ಕೆ ರಜೆ. ಹೋಗುವವರು ನೆನಪಿಡುವುದು ಒಳ್ಳೆಯದು. ನಡುವಣ ಎತ್ತರವಾದ ಸಭಾಂಗಣದಲ್ಲಿ ನಿಂತಾಗ ನಮ್ಮ ಚಿಕ್ಕವನು ಕೂಗು ಹಾಕಿ ಪ್ರತಿಧ್ವನಿಯನ್ನು ಕೇಳಿದನು. ಕಾವಲುಗಾರನು ಗದರಿಸಿದನು. ನಾವು ಹೊರಗೆ ಬಂದು ಕೊಳದ ಬಳಿ ಹುಲ್ಲಿನ ಮೇಲೆ ಕುಳಿತು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ತಿಂದೆವು. ಅಲ್ಲಿಂದ ಕಾಣುವ ಮಹಲಿನ ನೋಟವು ಒಳಗಿನದಕ್ಕಿಂತ ಚೆನ್ನಾಗಿದೆ.

ಇನ್ನು ಆ ದೊರೆಯ ಕಥೆ. 1565ನೆಯ ಇಸವಿ ಜನವರಿ 23ರಂದು ರಕ್ಕಸತಂಗಡಿಯ ಬಯಲಿನಲ್ಲಿ ಅಳಿಯ ರಾಮರಾಯನು ಮಡಿದ ಸಂಗತಿಯನ್ನು ಶಾಲೆಯಲ್ಲಿ ಓದದವರಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ವಿಜಯನಗರದ ಕಥೆಯು ಅಲ್ಲಿಗೆ ನಿಂತುಬಿಡುತ್ತಿತ್ತು. ಮರುದಿನವೇ ಎಲ್ಲರೂ ಸತ್ತುಹೋದರೆಂಬಂತೆ ನಾವು ಬಹಳ ಕಾಲ ತಿಳಿದುಕೊಂಡಿದ್ದೆವು. ನಿಜಕ್ಕೂ ರಾಮರಾಯನ ತಮ್ಮ ತಿರುಮಲನು ಉಳಿದುಕೊಂಡಿದ್ದನು. ಹೆಸರಿಗೆ ಮಾತ್ರ ಚಕ್ರವರ್ತಿಯಾಗಿದ್ದ ಸದಾಶಿವರಾಯನನ್ನೂ ಭಂಡಾರವನ್ನೂ ಆನೆಗಳ ಮೇಲೆ ಹೇರಿಕೊಂಡು ಅವನು ಪೆನುಕೊಂಡೆಗೆ ಬಂದನು. ಕೆಲವು ವರ್ಷಗಳ ತರುವಾಯ ತಾನೇ ಕಿರೀಟವನ್ನು ಧರಿಸಿ, ಉಳಿದ ರಾಜ್ಯವನ್ನು ಮೂವರು ಮಕ್ಕಳ ಕೈಗೆ ಹಂಚಿದನು. ಹಿರಿಯನಾದ ಶ್ರೀರಂಗನಿಗೆ ಪೆನುಕೊಂಡೆಯ ತೆಲುಗು ಸೀಮೆ. ರಾಮನಿಗೆ ಶ್ರೀರಂಗಪಟ್ಟಣದ ಕನ್ನಡ ಸೀಮೆ. ಕಿರಿಯವನಾದ ವೆಂಕಟಪತಿಗೆ ಚಂದ್ರಗಿರಿಯಿಂದ ಆಳಬೇಕಾದ ತಮಿಳು ಸೀಮೆ. ಮೂರು ಭಾಷೆಗಳ ಸೀಮೆಗಳನ್ನು ಮೂವರು ಅಣ್ಣತಮ್ಮಂದಿರು ನೋಡಿಕೊಳ್ಳುವ ಏರ್ಪಾಡು ಅದು. ಅಣ್ಣತಮ್ಮಂದಿರು ಒಂದಾಗಿರುವ ತನಕ ಇಂತಹ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಅರವೀಡು ವಂಶದವರ ಮನೆಮಾತು ಕನ್ನಡವಲ್ಲ, ತೆಲುಗು. ರಾಜ್ಯೋತ್ಸವದ ಸಂಚಿಕೆಯಲ್ಲಿ ಇವರಿಗೆ ಏನು ಸ್ಥಾನವೆಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿಯೂ ಬಿಟ್ಟರು. ಆದರೆ ಆ ಕಾಲದ ಜನರು ಈ ರಾಜ್ಯಕ್ಕೆ ಇಟ್ಟುಕೊಂಡಿದ್ದ ಹೆಸರು ಕರ್ಣಾಟ ರಾಜ್ಯ. ಅದರ ದೊರೆ ಪೆನುಕೊಂಡೆಯಲ್ಲಿರಲಿ, ಚಂದ್ರಗಿರಿಯಲ್ಲಿರಲಿ, ವೇಲೂರಿನಲ್ಲಿರಲಿ, ಅವನು ಕರ್ಣಾಟದ ದೊರೆಯೇ. ತುಂಗಭದ್ರೆಯ ದಡದ ಹೆಸರು ಹೀಗೆ ರಾಜರ ಬೆನ್ನು ಹಿಡಿದು ಪಾಲಾರ್ ನದಿಯ ತನಕ ಇಳಿದುಬಂತು. ಅರಸರು ಹೋದರೂ ಹೆಸರು ಹೋಗಲಿಲ್ಲ. ಆರ್ಕಾಟಿನ ನವಾಬನನ್ನು ಕರ್ನಾಟಕದ ನವಾಬನೆಂದೂ, ಇಂಗ್ಲಿಷರೂ ಫ್ರೆಂಚರೂ ಈ ಕರಾವಳಿಯಲ್ಲಿ ಹೊಡೆದಾಡಿದ ಯುದ್ಧಗಳನ್ನು ಕರ್ನಾಟಕ ಯುದ್ಧಗಳೆಂದೂ ಕರೆಯುವುದನ್ನು ಓದಿ, ಆರ್ಕಾಟಿಗೂ ಕರ್ನಾಟಕಕ್ಕೂ ಎಲ್ಲಿಯ ನಂಟೆಂದು ತಲೆ ಕೆರೆದುಕೊಂಡವರು ನಮ್ಮಲ್ಲಿ ಅನೇಕರಿರಬಹುದು. ನಂಟು ಇದೇ. ನಮ್ಮ ರಾಜ್ಯವು 1956ರಲ್ಲಿ ಒಂದಾಗಿ, 1973ರಲ್ಲಿ ಕರ್ನಾಟಕವೆಂಬ ಹೆಸರನ್ನು ಪಡೆಯುವುದಕ್ಕೆ ಮೂರೂವರೆ ನೂರು ವರ್ಷಗಳ ಹಿಂದೆಯೇ ಆ ಹೆಸರು ಈ ಸೀಮೆಗೆ ವಲಸೆ ಬಂದು ಕುಳಿತಿತ್ತು.

ಅಸ್ತು. ತಿರುಮಲನ ತರುವಾಯ ಶ್ರೀರಂಗನು ಆಳಿ, ಮಕ್ಕಳಿಲ್ಲದೆ ತೀರಿಕೊಂಡನು. ಶ್ರೀರಂಗಪಟ್ಟಣದ ರಾಮನು ಅದಕ್ಕೆ ಮುಂಚೆಯೇ ಗತಿಸಿದ್ದನು. ಅವನ ಇಬ್ಬರು ಗಂಡುಮಕ್ಕಳು ಇನ್ನೂ ಎಳೆಯರು. ಆ ಸಮಯಕ್ಕೆ ಬೇಕಾದವನು ಬೆಳೆದ ಗಂಡಸು, ಕತ್ತಿ ಹಿಡಿಯಬಲ್ಲವನು. ಆದುದರಿಂದ 1586ರಲ್ಲಿ ವೆಂಕಟಪತಿಯು ಸಿಂಹಾಸನವನ್ನೇರಿದನು. ರಾಜಗುರುಗಳಾದ ತಾತಾಚಾರ್ಯರು ಪಟ್ಟಾಭಿಷೇಕವನ್ನು ನೆರವೇರಿಸಿದರು. ಅಣ್ಣನ ಮಕ್ಕಳ ಹಕ್ಕನ್ನು ದಾಟಿ ಚಿಕ್ಕಪ್ಪನು ಪಟ್ಟಕ್ಕೆ ಬಂದುದು ಅಂದಿನ ಸ್ಥಿತಿಯಲ್ಲಿ ಸರಿಯಾಗಿಯೇ ಇದ್ದಿತು. ಆದರೆ ಆ ಲೆಕ್ಕವು ಅಂದೇ ಚುಕ್ತವಾಗಲಿಲ್ಲ. ಕೊನೆಯ ತನಕ ಬಾಕಿ ನಿಂತಿತು.

ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಗೋಲ್ಕೊಂಡದ ಮಹಮ್ಮದ್ ಕುಲಿ ಕುತುಬ್ ಷಹನು ದೊಡ್ಡ ಸೇನೆಯೊಡನೆ ಬಂದು ಪೆನುಕೊಂಡೆಯನ್ನು ಮುತ್ತಿದನು. ಹೈದರಾಬಾದ್ ನಗರವನ್ನು ಕಟ್ಟಿದ ಸುಲ್ತಾನನು ಇವನೇ. ಕೋಟೆಯಲ್ಲಿ ದವಸವಿಲ್ಲ, ಮದ್ದುಗುಂಡಿಲ್ಲ. ವೆಂಕಟಪತಿಯು ಸಂಧಿಯ ಮಾತನ್ನು ಕಳುಹಿಸಿದನು. ಸುಲ್ತಾನನು ಅದನ್ನು ನಂಬಿ ಮುತ್ತಿಗೆಯನ್ನು ಸಡಿಲಿಸಿದನು. ಆ ಕೆಲವು ದಿನಗಳ ಬಿಡುವಿನಲ್ಲಿ ಕೋಟೆಯೊಳಕ್ಕೆ ಧಾನ್ಯವೂ ಬಂತು, ಸೈನಿಕರೂ ಬಂದರು. ಬಾಗಿಲುಗಳು ಮತ್ತೆ ಮುಚ್ಚಿಕೊಂಡುವು. ಸುಲ್ತಾನನು ಸಿಟ್ಟಿನಿಂದ ಮತ್ತೆ ಸುತ್ತುಗಟ್ಟುವ ಹೊತ್ತಿಗೆ ಮಳೆಗಾಲವು ಸಮೀಪಿಸಿತು. ಹಿಂದೆ ಕೃಷ್ಣಾನದಿಯು ತುಂಬಿ ಹರಿದರೆ ಸೇನೆಗೆ ಮರಳುವ ದಾರಿಯೇ ಇಲ್ಲದಂತಾಗುವುದು. ಅವನು ಹೊರಟುಹೋದನು. ಅವನ ಬೆನ್ನ ಹಿಂದೆಯೇ ಹೊರಟ ವೆಂಕಟಪತಿಯು ಗಂಡಿಕೋಟೆಯನ್ನೂ ಉದಯಗಿರಿಯನ್ನೂ ತಿರುಗಿ ಪಡೆದನು. ಮಾತು ಕೊಟ್ಟು ತಪ್ಪಿದುದು ಧರ್ಮವೇ ಎಂದು ಕೇಳುವವರು ಕೇಳಬಹುದು. ಹಸಿದ ಕೋಟೆಯ ಮೇಲೆ ನಿಂತವನನ್ನು ಹಾಗೆ ಕೇಳುವುದಕ್ಕೆ ನಮಗೆ ನಾಲಗೆ ಬಾರದು. ಪೆನುಕೊಂಡೆಯ ರಕ್ಷಣೆಯಲ್ಲಿ ಹೆಸರು ಪಡೆದ ಜಗದೇವರಾಯನಿಗೆ ಚನ್ನಪಟ್ಟಣದ ಸೀಮೆಯು ದೊರೆಯಿತು. ಬೆಂಗಳೂರು–ಮೈಸೂರು ದಾರಿಯಲ್ಲಿ ಆಟದ ಗೊಂಬೆಗಳನ್ನು ಕೊಳ್ಳಲು ನಾವೆಲ್ಲ ಇಳಿಯುವ ಚನ್ನಪಟ್ಟಣವೇ ಅದು.

ಗೆದ್ದರೂ ಪೆನುಕೊಂಡೆಯು ಗಡಿಗೆ ಬಹಳ ಹತ್ತಿರವಾಗಿತ್ತು. 1592ರ ಸುಮಾರಿಗೆ ದೊರೆಯು ರಾಜಧಾನಿಯನ್ನು ತಾನು ಬಲ್ಲ ಚಂದ್ರಗಿರಿಗೆ ಬದಲಾಯಿಸಿದನು. ಹಂಪೆಯಿಂದ ಪೆನುಕೊಂಡೆ, ಪೆನುಕೊಂಡೆಯಿಂದ ಚಂದ್ರಗಿರಿ. ಪ್ರತಿಯೊಂದು ವರ್ಗಾವಣೆಯಲ್ಲಿಯೂ ತುಂಗಭದ್ರೆಯು ಇನ್ನಷ್ಟು ದೂರ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇದು ಅರ್ಥವಾಗುವ ಸಂಗತಿ. ಮೊದಲ ವರ್ಷ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚುವುದೇ ಇಲ್ಲ, ಹೇಗೂ ತಿರುಗಿ ಹೋಗುತ್ತೇವಲ್ಲ ಎಂದು. ಮೂರನೆಯ ವರ್ಷದಲ್ಲಿ ಗೋಡೆಗೆ ಮೊಳೆ ಹೊಡೆಯುತ್ತೇವೆ.

ವೆಂಕಟಪತಿಯೂ ಮೊಳೆ ಹೊಡೆದನು. ಹಂಪೆಯ ಅರಸರು ತಮ್ಮ ತಾಮ್ರಶಾಸನಗಳ ಕೊನೆಯಲ್ಲಿ ತಮ್ಮ ಹೆಸರನ್ನು ಬರೆಯುತ್ತಿರಲಿಲ್ಲ; ತುಂಗಭದ್ರೆಯ ದಡದ ವಿರೂಪಾಕ್ಷನ ಹೆಸರೇ ಅವರ ರುಜು. ವೆಂಕಟಪತಿಯ ಶಾಸನಗಳಲ್ಲಿ ಆ ಸ್ಥಳದಲ್ಲಿ ವೆಂಕಟೇಶನ ಹೆಸರು ಬಂತು. ಚಿನ್ನದ ನಾಣ್ಯದ ಮೇಲೆಯೂ ತಿರುಮಲೆಯ ಸ್ವಾಮಿಯೇ ನಿಂತನು. ದಿನವಿಡೀ ಗ್ರಾಹಕರ ರುಜುಗಳನ್ನು ಮಾದರಿಯೊಡನೆ ಹೋಲಿಸಿ ನೋಡುವ ನಮ್ಮಂತಹ ಗುಮಾಸ್ತರಿಗೆ ಇದು ಸಣ್ಣ ಸಂಗತಿಯಾಗಿ ತೋರುವುದಿಲ್ಲ. ಇನ್ನೂರು ವರ್ಷಗಳಿಂದ ನಡೆದುಬಂದ ರುಜುವನ್ನು ಮನೆತನವೊಂದು ಬದಲಾಯಿಸಿತೆಂದರೆ, ಹಿಂದಿನ ಮನೆಗೆ ಮರಳುವ ಆಸೆಯನ್ನು ಅದು ಎಲ್ಲಿಯೋ ಒಳಗೆ ಬಿಟ್ಟುಕೊಟ್ಟಿದೆ ಎಂದು ನಮಗೆ ತೋರುತ್ತದೆ. ರಾಜ್ಯದ ಹೆಸರನ್ನು ಮಾತ್ರ ಅವನು ಬದಲಾಯಿಸಲಿಲ್ಲ.

ದಕ್ಷಿಣದಲ್ಲಿ ನಾಯಕರು ಸುಮ್ಮನಿರಲಿಲ್ಲ. ಮಧುರೆ, ತಂಜಾವೂರು, ಸೆಂಜಿಗಳ ನಾಯಕರು ಹೆಸರಿಗೆ ಸಾಮಂತರು. ಕಪ್ಪವನ್ನು ಕೊಡುವುದು ದೊರೆಯ ಸೇನೆಯು ಬಾಗಿಲಿಗೆ ಬಂದಾಗ ಮಾತ್ರ. ವೇಲೂರಿನ ಲಿಂಗಮ ನಾಯಕನು ನೇರವಾಗಿಯೇ ತಿರುಗಿಬಿದ್ದನು. ಅವನ ಪಕ್ಷದವರನ್ನು ವೆಲುಗೋಟಿ ಯಾಚಮ ನಾಯಕನು 1601ರಲ್ಲಿ ಉತ್ತರಮೇರೂರಿನ ಬಳಿ ಸೋಲಿಸಿದನು. 1604ರಲ್ಲಿ ವೇಲೂರು ಕೋಟೆಯು ದೊರೆಯ ಕೈಸೇರಿತು. ಎರಡು ವರ್ಷಗಳೊಳಗೆ ಆಸ್ಥಾನವೂ ಅಲ್ಲಿಗೆ ಹೋಯಿತು. ಆಳವಾದ ಕಂದಕ, ಒಳಗೆ ಜಲಕಂಠೇಶ್ವರನ ಗುಡಿ, ಅದರ ಕಲ್ಯಾಣಮಂಟಪದ ಕಂಬಗಳು. ವೈದ್ಯಕ್ಕಾಗಿ ವೇಲೂರಿಗೆ ಹೋಗುವ ನಮ್ಮವರು ಒಂದು ಗಂಟೆಯನ್ನು ಉಳಿಸಿಕೊಂಡು ಇವನ್ನು ನೋಡಿ ಬರಬಹುದು. ಯಾಚಮ ನಾಯಕನ ಹೆಸರನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅವನ ಆಸ್ಥಾನವು ಬಡವಾಗಿರಲಿಲ್ಲ. ಅಲಂಕಾರಶಾಸ್ತ್ರದ ಕುವಲಯಾನಂದವನ್ನು ಅಪ್ಪಯ್ಯ ದೀಕ್ಷಿತರು ಬರೆದುದು ಈ ದೊರೆಯ ಕೋರಿಕೆಯಿಂದ. ವೇಲೂರು ಗೆದ್ದ 1604ರಲ್ಲಿಯೇ, ಇತ್ತ ಕನ್ನಡನಾಡಿನಲ್ಲಿ ಭಟ್ಟಾಕಳಂಕನು ಕನ್ನಡದ ದೊಡ್ಡ ವ್ಯಾಕರಣವಾದ ಶಬ್ದಾನುಶಾಸನವನ್ನು ಮುಗಿಸಿದನು. 1598ರಲ್ಲಿ ಯೇಸು ಸಂಘದ ಪಾದ್ರಿಗಳು ಚಂದ್ರಗಿರಿಗೆ ಬಂದಾಗ ಶ್ರೀವೈಷ್ಣವನಾದ ಈ ದೊರೆಯು ಅವರನ್ನು ಆದರದಿಂದ ಕಂಡು, ಅವರ ಚಿತ್ರಕಾರರನ್ನು ಅರಮನೆಗೆ ಕರೆಸಿ ಕೆಲಸ ಮಾಡಿಸಿದನು. ಅವರು ಚಿತ್ರ ಬರೆಯುವುದನ್ನು ನೋಡುತ್ತ ಕುಳಿತಿರುವುದು ಅವನಿಗೆ ಬಹಳ ಇಷ್ಟವಾಗಿತ್ತಂತೆ. ಡಚ್ಚರು 1610ರಲ್ಲಿ ಅವನ ಅನುಮತಿಯನ್ನು ಪಡೆದು ಪಳವೇರ್ಕಾಡಿನಲ್ಲಿ ವ್ಯಾಪಾರಕ್ಕೆ ನೆಲೆ ನಿಂತರು. 1613ರಲ್ಲಿ ಅಲ್ಲಿ ಅವರ ಗೆಲ್ಡ್ರಿಯಾ ಕೋಟೆಯು ಎದ್ದಿತು. ಮಾಧವರಂನಿಂದ ಉತ್ತರಕ್ಕೆ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಸ್ಥಳವದು. ಪೋರ್ಚುಗೀಸರಿಗೂ ಡಚ್ಚರಿಗೂ ಒಟ್ಟಿಗೆ ಮುಖ ಕೊಟ್ಟು ಇಬ್ಬರಿಂದಲೂ ಕಾಣಿಕೆಯನ್ನು ಪಡೆಯುವ ಜಾಣ್ಮೆ ಮುದುಕನಲ್ಲಿ ಇತ್ತು.

ಕನ್ನಡ ಸೀಮೆಯಲ್ಲಿ ಮಾತ್ರ ಅವನು ಕೈಚೆಲ್ಲಿದನು. ಶ್ರೀರಂಗಪಟ್ಟಣದಲ್ಲಿ ಪ್ರತಿನಿಧಿಯಾಗಿದ್ದವನು ಅಣ್ಣನ ಹಿರಿಯ ಮಗ ತಿರುಮಲ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡಾಗ ದೊರೆಯು ಅದನ್ನು ಒಪ್ಪಿಕೊಂಡು, 1612ರಲ್ಲಿ ಶ್ರೀರಂಗಪಟ್ಟಣವನ್ನೂ ಉಮ್ಮತ್ತೂರನ್ನೂ ಒಡೆಯರಿಗೇ ಬರೆದುಕೊಟ್ಟನು. ಅಲಮೇಲಮ್ಮನ ಶಾಪದ ಕಥೆಯೂ, ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದ ಕಥೆಯೂ ಹುಟ್ಟುವುದು ಇಲ್ಲಿಂದಲೇ. ವಿಜಯನಗರದ ಮಹಾನವಮಿಯು ಮೈಸೂರಿನ ದಸರೆಯಾದುದರ ಹಿಂದೆ ವೇಲೂರಿನಲ್ಲಿ ಕುಳಿತ ಮುದಿದೊರೆಯ ಒಂದು ರುಜುವೂ ಇದೆಯೆಂಬುದು ದಸರೆಯ ರಜೆಯಲ್ಲಿ ಹೊರಟ ನಮಗೆ ಗೊತ್ತಿರಲಿಲ್ಲ.

ಇಷ್ಟೆಲ್ಲವನ್ನೂ ಸಾಧಿಸಿದವನು ಮನೆಯೊಳಗೆ ಸೋತನು. ಅವನಿಗೆ ರಾಣಿಯರು ಹಲವರಿದ್ದರೂ ಗಂಡುಸಂತಾನವಿರಲಿಲ್ಲ. 1616ರಲ್ಲಿ ಬರ್ರಾದಾಸ್ ಎಂಬ ಪೋರ್ಚುಗೀಸ್ ಪಾದ್ರಿಯು ಕೊಚ್ಚಿಯಿಂದ ಬರೆದ ಪತ್ರದಲ್ಲಿ ಮುಂದಿನ ಸಂಗತಿಯೆಲ್ಲ ಇದೆ. ಗೊಬ್ಬೂರಿ ಮನೆತನದ ಒಬ್ಬ ರಾಣಿ, ಜಗ್ಗರಾಯನ ಹತ್ತಿರದ ಬಂಧು, ತಾನು ಬಸುರಿಯೆಂದು ಹಬ್ಬಿಸಿ, ಬ್ರಾಹ್ಮಣ ಹೆಂಗಸೊಬ್ಬಳು ಹೆತ್ತ ಗಂಡುಕೂಸನ್ನು ತರಿಸಿಕೊಂಡು ತಾನೇ ಹೆತ್ತೆನೆಂದು ತೋರಿಸಿದಳು. ದೊರೆಗೆ ನಿಜವು ತಿಳಿದಿತ್ತು. ಆದರೂ ರಾಣಿಯ ಮೇಲಿನ ಪ್ರೀತಿಯಿಂದ ಅವನು ಬಾಯಿಬಿಡಲಿಲ್ಲ. ಮಗುವು ಅರಮನೆಯಲ್ಲಿ ರಾಜಕುಮಾರನಂತೆಯೇ ಬೆಳೆಯಿತು, ಮದುವೆಯೂ ಆಯಿತು. ವರ್ಷಗಳು ಕಳೆದುವು. ಪೆನುಕೊಂಡೆಯಲ್ಲಿ ಸುಲ್ತಾನನನ್ನು ವಂಚಿಸಿದವನು, ಪರದೇಶದ ಎರಡು ಜಾತಿಯ ವ್ಯಾಪಾರಿಗಳನ್ನು ಎದುರುಬದರು ಕೂರಿಸಿದವನು, ತನ್ನ ಮನೆಯ ಈ ಒಂದು ಸುಳ್ಳನ್ನು ಬಿಡಿಸಲಾರದೆ ಹೋದನು. ಬಿಡಿಸಲಾರದೆಯೋ, ಮನಸ್ಸು ಬಾರದೆಯೋ. ಕಣ್ಣ ಮುಂದೆ ಆಡಿ ಬೆಳೆದ ಮಗುವನ್ನು ಸಭೆಯ ನಡುವೆ ನಿಲ್ಲಿಸಿ, ಇವನು ನನ್ನವನಲ್ಲವೆಂದು ಹೇಳುವುದು ದೊರೆಯಾದವನಿಗೂ ಸುಲಭವಲ್ಲ. ನಾವು ಅವನನ್ನು ದೂರಲಾರೆವು. ಆದರೆ ಆ ಹುಡುಗನ ಬೆನ್ನಿಗೆ ಜಗ್ಗರಾಯನ ಕುಲವೆಲ್ಲ ನಿಂತು ಕಾಯುತ್ತಿರುವುದನ್ನು ಅವನು ನೋಡುತ್ತಲೇ ಇದ್ದನು.

ಬ್ಯಾಂಕಿನ ಕಟಕಟೆಯ ಹಿಂದೆ ಕುಳಿತ ಈ ಹತ್ತು ಹನ್ನೆರಡು ವರ್ಷಗಳಲ್ಲಿ ಇಂತಹ ಹಿರಿಯರನ್ನು ನಾವು ಬಹಳ ನೋಡಿದ್ದೇವೆ. ಜೀವಮಾನದ ಉಳಿತಾಯವೆಲ್ಲ ಠೇವಣಿಯಲ್ಲಿರುತ್ತದೆ. ನಾಮಿನಿಯ ಕಾಲಂ ಮಾತ್ರ ಖಾಲಿ. ತುಂಬಿಕೊಡಿರೆಂದರೆ ಮುಂದಿನ ಸಲವೆಂದು ನಗುತ್ತ ಹೊರಟುಬಿಡುತ್ತಾರೆ. ಒಂದು ಹೆಸರನ್ನು ಬರೆದರೆ ಇನ್ನೊಬ್ಬರಿಗೆ ನೋವಾಗುವುದೆಂಬ ಸಂಕೋಚ. ಅವರು ಹೋದ ಮೇಲೆ ಮಕ್ಕಳು ಅದೇ ಕಟಕಟೆಯ ಮುಂದೆ ನಿಂತು ಒಬ್ಬರ ಮುಖವನ್ನು ಒಬ್ಬರು ನೋಡದೆ ಕಾಗದಗಳನ್ನು ನೀಡುತ್ತಾರೆ.

ವೆಂಕಟಪತಿಯು ಹೆಸರನ್ನು ಬರೆದನು. ಆದರೆ ಸಾಯುವುದಕ್ಕೆ ಮೂರು ದಿನಗಳ ಮುಂಚೆ. 1614ರ ಅಕ್ಟೋಬರ್ ತಿಂಗಳು. ಹಾಸಿಗೆ ಹಿಡಿದಿದ್ದ ದೊರೆಯು ಕೆಲವು ಸರದಾರರ ಎದುರಿನಲ್ಲಿ ಅಣ್ಣನ ಇನ್ನೊಬ್ಬ ಮಗನಾದ ಶ್ರೀರಂಗನನ್ನು ಕರೆಸಿ, ರಾಜಮುದ್ರೆಯ ಉಂಗುರವಿದ್ದ ಬಲಗೈಯನ್ನು ಅವನತ್ತ ಚಾಚಿದನು. ಅದನ್ನು ತೆಗೆದು ಧರಿಸಿಕೊಳ್ಳಬೇಕೆಂಬುದು ಸನ್ನೆ. ಶ್ರೀರಂಗನು ಅಳುತ್ತ, ಅರಸುತನವು ತನಗೆ ಬೇಡವೆಂದೂ, ಇಷ್ಟಬಂದವರಿಗೆ ಕೊಡಬಹುದೆಂದೂ ಬೇಡಿಕೊಂಡನು. ಮುದುಕನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಶ್ರೀರಂಗನು ಉಂಗುರವನ್ನು ತೆಗೆದು ತಲೆಯ ಮೇಲಿಟ್ಟುಕೊಂಡು, ಕಣ್ಣೀರು ಸುರಿಸುತ್ತ ಬೆರಳಿಗೆ ಹಾಕಿಕೊಂಡನು. 1586ರಲ್ಲಿ ಬಾಕಿ ನಿಂತ ಲೆಕ್ಕವು ಹೀಗೆ ಅಣ್ಣನ ಮಗನಿಗೇ ಸಂದಾಯವಾಯಿತು. ಮೂರು ದಿನಗಳ ಮೇಲೆ ದೊರೆಯು ಕಣ್ಣು ಮುಚ್ಚಿದನು. ಚಂದನದ ಚಿತೆಯಲ್ಲಿ ಅವನ ಮೂವರು ರಾಣಿಯರೂ ಪ್ರಾಣ ಬಿಟ್ಟರು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ನಡೆದುದನ್ನು ಬಿಡುವಂತೆಯೂ ಇಲ್ಲ.

ಮುಂದಿನದು ಬೇಗ ಮುಗಿಯಿತು. ಜಗ್ಗರಾಯನು ಇತರ ಇಬ್ಬರು ಸರದಾರರೊಡನೆ ಅರಮನೆಯನ್ನು ಹೊಕ್ಕು, ಹೊಸ ದೊರೆಯನ್ನೂ ಅವನ ಹೆಂಡತಿ ಮಕ್ಕಳನ್ನೂ ಸೆರೆಹಿಡಿದು, ರಾಣಿಯ ಆ ಮಗನನ್ನು ಗದ್ದುಗೆಗೆ ಏರಿಸಿದನು. ಎಲ್ಲರೂ ತಲೆಬಾಗಿದರು. ಯಾಚಮ ನಾಯಕನೊಬ್ಬನು ಬಾಗಲಿಲ್ಲ. ಸೆರೆಮನೆಯೊಳಕ್ಕೆ ಹೋಗಿ ಬರಬಹುದಾಗಿದ್ದವನು ಬಟ್ಟೆ ಒಗೆಯುವ ಅಗಸನೊಬ್ಬನೇ. ಅವನು ಶ್ರೀರಂಗನ ನಡುವಣ ಮಗ, ಸುಮಾರು ಹನ್ನೆರಡು ವರ್ಷದ ರಾಮನನ್ನು ಕೊಳೆಬಟ್ಟೆಯ ಗಂಟಿನೊಳಗೆ ಕಟ್ಟಿ, ಕಾವಲುಗಾರರ ಎದುರಿಗೇ ಹೊತ್ತುಕೊಂಡು ಬಂದು ಯಾಚಮನ ಮುಂದೆ ಇಳಿಸಿದನು. ಇದು ತಿಳಿದ ಮೇಲೆ ಜಗ್ಗರಾಯನು ಸೆರೆಯಲ್ಲಿದ್ದವರನ್ನು ಉಳಿಸಲಿಲ್ಲ. ಶ್ರೀರಂಗನು ತನ್ನ ಕೈಯಿಂದಲೇ ಹೆಂಡತಿಯನ್ನೂ ಮಕ್ಕಳನ್ನೂ ಕೊಂದು ತಾನೂ ಸಾಯಬೇಕಾಯಿತು. ಉಂಗುರವು ಬೇಡವೆಂದು ಅತ್ತವನಿಗೆ ಅದು ದಕ್ಕಿದುದು ಕೆಲವು ತಿಂಗಳು. ಆ ಸುದ್ದಿಯು ಹಬ್ಬಿದ ಮೇಲೆ ಸರದಾರರು ಒಬ್ಬೊಬ್ಬರಾಗಿ ಯಾಚಮನ ಕಡೆಗೆ ಬಂದರು. ಮಧುರೆ ಮತ್ತು ಸೆಂಜಿಯ ನಾಯಕರು ಜಗ್ಗರಾಯನ ಪಕ್ಷ. ತಂಜಾವೂರಿನ ರಘುನಾಥ ನಾಯಕನು ಬಾಲಕನ ಪಕ್ಷ. 1616ರ ಕೊನೆಯಲ್ಲಿ ಕಾವೇರಿಯ ದಡದ ತೋಪೂರಿನಲ್ಲಿ ನಡೆದ ಕಾಳಗದಲ್ಲಿ ಜಗ್ಗರಾಯನು ಹತನಾದನು. ರಾಮದೇವರಾಯನು 1630ರ ತನಕ ಆಳಿದನು.

ನಮ್ಮ ಸಹೋದ್ಯೋಗಿಯೊಬ್ಬರ ಮೇಜಿನ ಮೇಲೆ ಜಪಾನ್ ದೇಶದ ಕ್ಯಾಲೆಂಡರೊಂದಿದೆ. ಅದರಲ್ಲಿ ಬೆಳ್ಳಕ್ಕಿಯಂತೆ ನಿಂತಿರುವ ಹಿಮೆಜಿ ಕೋಟೆಯ ಈಗಿನ ಗೋಪುರಗಳನ್ನು ಕಟ್ಟಿಸಿದುದು 1601ರಿಂದ 1609ರ ಒಳಗೆ. ನಮ್ಮ ದೊರೆಯು ವೇಲೂರನ್ನು ಗೆದ್ದು ನೆಲೆಸಿದ ವರ್ಷಗಳೇ ಅವು. ಅಲ್ಲಿಯೂ ಹಿದೆಯೋಷಿ ಎಂಬ ಮಹಾವೀರನು ಐದು ವರ್ಷದ ಮಗುವನ್ನು ಸರದಾರರ ಕೈಯಲ್ಲಿಟ್ಟು 1598ರಲ್ಲಿ ಸತ್ತನು. ಆ ಮಗು ಬೆಳೆದು ತಾಯಿಯೊಡನೆ ಒಸಾಕಾ ಕೋಟೆಯೊಳಗೆ ಪ್ರಾಣ ಕಳೆದುಕೊಂಡುದು 1615ರಲ್ಲಿ. ಅಲ್ಲಿ ಅಗಸನು ಬರಲಿಲ್ಲ.

ಚಂದ್ರಗಿರಿಯ ಕಥೆಯು ಇನ್ನೂ ಸ್ವಲ್ಪವಿದೆ. ರಾಮದೇವನ ಬಳಿಕ ಪಟ್ಟವು ಅರವೀಡು ವಂಶದ ಇನ್ನೊಂದು ಕವಲಿನ ವೆಂಕಟನಿಗೆ ಹೋಯಿತು. ಅವನ ಕಾಲದಲ್ಲಿಯೇ, 1639ರ ಆಗಸ್ಟ್ 22ರಂದು, ಅವನ ಅಧೀನದಲ್ಲಿದ್ದ ದಾಮರ್ಲ ವೆಂಕಟಾದ್ರಿ ನಾಯಕನು ಕಡಲದಂಡೆಯ ಒಂದು ತುಂಡು ಮರಳುನೆಲವನ್ನು ಇಂಗ್ಲಿಷ್ ಕಂಪನಿಗೆ ಬರೆದುಕೊಟ್ಟನು. ಆ ನಾಯಕನ ತಂದೆ ಚೆನ್ನಪ್ಪನ ಹೆಸರಿನಿಂದ ಚೆನ್ನಪಟ್ಟಣ, ಅದರಿಂದ ಚೆನ್ನೈ. ನಾವು ಬಾಡಿಗೆ ಕೊಟ್ಟು ವಾಸವಾಗಿರುವ ಈ ನಗರದ ಮೂಲಪತ್ರವು ಕರ್ಣಾಟ ದೊರೆಯ ರಾಜ್ಯದಲ್ಲಿ ಹುಟ್ಟಿದುದು. 1646ರಲ್ಲಿ ಚಂದ್ರಗಿರಿಯು ಗೋಲ್ಕೊಂಡದ ವಶವಾಯಿತು. ಬಹುಕಾಲದ ಮೇಲೆ 1782ರಲ್ಲಿ ಹೈದರಾಲಿಯು ಅದನ್ನು ಹಿಡಿದು, 1792ರ ಶ್ರೀರಂಗಪಟ್ಟಣದ ಒಪ್ಪಂದದ ತನಕ ಅದು ಮೈಸೂರಿಗೆ ಸೇರಿತ್ತು. ಕೊನೆಯ ದೊರೆಯಾದ ಮೂರನೆಯ ಶ್ರೀರಂಗನು ರಾಜ್ಯವನ್ನು ಕಳೆದುಕೊಂಡು ಅಲೆದಲೆದು, ಕೆಳದಿಯ ಶಿವಪ್ಪ ನಾಯಕನ ಆಶ್ರಯದಲ್ಲಿ ಬೇಲೂರಿಗೆ ಬಂದು ನಿಂತನು. ವಂಶವು ಹೊರಟ ನಾಡಿಗೇ ತಿರುಗಿ ಬಂತು, ಆದರೆ ಅತಿಥಿಯಾಗಿ.

ನಾವು ಕೋಟೆಯಿಂದ ತಿರುಪತಿಗೆ ಬಂದು, ಮರುದಿನ ಬೆಳಗಿನ ಜಾವ ಬೆಟ್ಟವನ್ನು ಹತ್ತಿದೆವು. ಮಹಾದ್ವಾರವನ್ನು ದಾಟುವಾಗ ಈ ಸಲ ಮಕ್ಕಳಿಗೆ ಮೊದಲೇ ಹೇಳಿ ಇಟ್ಟಿದ್ದೆವು. ಚಿಕ್ಕವನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದೆವು. ಕೃಷ್ಣದೇವರಾಯನ ಕಡೆಗೆ ಎಲ್ಲರೂ ತಿರುಗಿದಾಗ ಅವನು ಎದುರು ಭಾಗಕ್ಕೆ ಕೈ ತೋರಿಸಿದನು. ಸರಳುಗಳ ಆಚೆ, ಮಬ್ಬಿನಲ್ಲಿ, ಕೈಮುಗಿದುಕೊಂಡು ಆ ಒಂಟಿ ದೊರೆಯು ನಿಂತಿದ್ದನು. ಹಿರಿಯವಳು ಅವನಿಗೆ ನಮಸ್ಕಾರ ಮಾಡಬೇಕೇ ಎಂದು ಕೇಳುವುದರೊಳಗೆ ಹಿಂದಿನವರು ನೂಕಿದರು. ನಾವು ಮುಂದಕ್ಕೆ ಹೋದೆವು.